ವಿಲಾಯತಿ ಟಾನಿಕ್ಕಿಗೆ ನನ್ನ ದನಿ

ಕುವೈತಿನ ಜಾಬ್ರಿಯಾದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ನಾನು ರಿಸೆಪ್ಷನಿಸ್ಟ್. ಬಂದವರ ಸಿವಿಲ್ ಐಡಿ ನೋಡುವುದು, ಡಾಕ್ಟರ ಸಮಯ ಹೊಂದಿಸುವುದು, ಫೋನಿಗೆ ಉತ್ತರ ಕೊಡುವುದು, ಇಷ್ಟೇ ಕೆಲಸ. ಹಿಂದಿ, ಇಂಗ್ಲಿಷು, ಹರಕುಮುರುಕು ಅರಬಿಯಲ್ಲಿ ದಿನ ಕಳೆಯುತ್ತದೆ. ಅಲ್ಲಿ ಕನ್ನಡ ಆಡುವ ಸಂದರ್ಭ ಅಪರೂಪ. ಹಾಗಾಗಿ ಆ ಬೆಳಿಗ್ಗೆ ಮುಂದಿನ ಹಲ್ಲು ಮುರಿದುಕೊಂಡು ಬಂದ ಹೆಂಗಸು ತನ್ನ ಗಂಡನ ಜೊತೆ ವಿಜಯಪುರದ ಕಡೆಯ ಮಾತಿನಲ್ಲಿ ಪಿಸುಗುಟ್ಟಿದ್ದು ಕೇಳಿ ನನಗೆ ಖುಷಿಯೇ ಆಯಿತು.

"ಬನ್ನಿ, ಕೂತ್ಕೊಳ್ಳಿ. ಏನಾಯ್ತಮ್ಮಾ?" ಅಂದೆ.

ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಶುವೈಖ್‌ನ ಗ್ಯಾರೇಜೊಂದರಲ್ಲಿ ಟೆಕ್ನಿಷಿಯನ್ ಆಗಿದ್ದ ಗಂಡನೇ ಉತ್ತರ ಕೊಟ್ಟ. "ಅಡಿಗಿ ಮನ್ಯಾಗ ಬಿದ್ದಾಳ್ರೀ ಮೇಡಂ. ಫಿಟ್ಸ್ ಬಂದಿತ್ತು."

"ಫಿಟ್ಸಿಗೆ ಮಾತ್ರೆ ತಗೋತಿದ್ದಾರಾ? ಡಾಕ್ಟರು ಕೇಳ್ತಾರೆ."

"ಮೊದಲ ತಗೋತಿದ್ಳು. ಈಗ ಬಿಟ್ಟಾಳ್ರೀ. ನರಕ್ಕ ಒಂದು ಟಾನಿಕ್ ತಗೊಳಾಕತ್ತಾಳ."

ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಸೆರಗು ಸರಿಸಿ, ಮುರಿದ ಹಲ್ಲಿನ ಸಂದಿಯಿಂದ ತೊದಲುತ್ತ ಹೇಳಿದಳು: "ಅಕ್ಕಾರ, ನಿಮ್ಮ ದನಿ ನಾ ಕೇಳೇನ್ರಿ. ದಿನಾ ಕೇಳ್ತೀನಿ."

ಚೀಲದಿಂದ ಫೋನ್ ತೆಗೆದು ಒಂದು ವಾಯ್ಸ್ ಮೆಸೇಜ್ ಹಾಕಿದಳು. ನನ್ನ ಕ್ಲಿನಿಕ್ಕಿನಲ್ಲಿ, ನನ್ನ ಟೇಬಲ್ಲಿನ ಮೇಲೆ, ನನ್ನದೇ ದನಿ ಮಾತಾಡತೊಡಗಿತು.

"ಇವತ್ತು ಕೈ ನಡುಗಲೇ ಇಲ್ಲ ಕಣ್ರೀ. ರಾತ್ರಿಯೆಲ್ಲ ನಿದ್ದೆ ಬಂತು. ನಾನು ಮತ್ತೆ ಮೊದಲಿನ ಹಾಗೆ ಆಗ್ತಿದ್ದೀನಿ ಅನ್ನಿಸ್ತಿದೆ." ಕೊನೆಗೆ ಒಂದು ನಗು. ಅರ್ಧ ನಗು, ಅರ್ಧ ಅಳು. ಆಮೇಲೆ ಬೇರೆ ಯಾರದೋ ಗಂಡಸಿನ ಗಟ್ಟಿ ದನಿ: ಕುವೈತಿನಲ್ಲಿ ವೈದ್ಯಕೀಯ ಕ್ಷೇತ್ರದಲ್ಲಿ ದುಡಿಯುವ ನಮ್ಮ ಕನ್ನಡದ ಸೋದರಿಯೇ ಹೇಳುತ್ತಿದ್ದಾರೆ, ಈ ವಿಲಾಯತಿ ಟಾನಿಕ್ ಇಂದೇ ಆರಂಭಿಸಿ.

ಇನ್ನೊಮ್ಮೆ ಹಾಕಿಸಿ ಕೇಳಿದೆ.

ಆ ಟಾನಿಕ್ ನನಗೆ ಗೊತ್ತಿತ್ತು. ಬ್ನೇದ್ ಅಲ್ ಗಾರ್‌ನಲ್ಲಿ ನಮ್ಮ ಮನೆಯ ಮೇಲಿನ ಮಹಡಿಯಲ್ಲಿರುವ ಅಕ್ಕ ಅದನ್ನು ಮಾರುತ್ತಾರೆ. ಅಕ್ಕ ಅಂದರೆ ರಕ್ತಸಂಬಂಧವಲ್ಲ. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಒಲೆ ಹಚ್ಚುವ ಮೊದಲು ಉಪ್ಪಿಟ್ಟು ತಂದುಕೊಟ್ಟವರು ಅವರು. ಅವರೂ ಮೈಸೂರಿನ ಕಡೆಯವರೇ. ನನ್ನ ಬಾಣಂತನದಲ್ಲಿ ಊರಿಂದ ಅಮ್ಮ ಬರಲಾಗದೆ ಹೋದಾಗ ನನ್ನ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದವರು. ನನ್ನ ಮಗಳು ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗು, ಆದರೆ ಅವರನ್ನು ಮಾತ್ರ "ದೊಡ್ಡಮ್ಮ" ಅನ್ನುತ್ತಾಳೆ.

ಕಳೆದ ವರ್ಷ ನನ್ನ ಕೈ ನಡುಗಲು ಶುರುವಾಯಿತು. ಕಾಫಿ ಲೋಟ ಹಿಡಿದರೆ ತುಳುಕುತ್ತಿತ್ತು. ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತಿತ್ತು, ನಿದ್ದೆ ಇಲ್ಲ, ಬಟ್ಟೆಗಳೆಲ್ಲ ಸಡಿಲವಾದವು. ಅಕ್ಕ ನೋಡಿದವರೇ "ನರದೌರ್ಬಲ್ಯ ಕಣೇ ಇದು" ಎಂದು ಒಂದು ಕಂದು ಬಾಟಲಿ ತಂದಿಟ್ಟರು. ಲೇಬಲ್ಲಿನ ಮೇಲೆ ಗಡ್ಡ ಬಿಟ್ಟ, ಕತ್ತಿನವರೆಗೆ ಗುಂಡಿ ಹಾಕಿದ ಒಬ್ಬ ಬಿಳಿಯ ಡಾಕ್ಟರನ ಚಿತ್ರ, ಸುತ್ತ ಬಳ್ಳಿಯಂತೆ ಸುತ್ತಿಕೊಂಡ ಇಂಗ್ಲಿಷ್ ಅಕ್ಷರ. ನರಗಳ ಬಲಹೀನತೆ, ಎದೆಬಡಿತ, ಅಜೀರ್ಣ, ಮರೆವು, ಮೂರ್ಛೆ, ಸಂಧಿವಾತ, ಎಲ್ಲಕ್ಕೂ ಅದೊಂದೇ.

"ವಿಕ್ಟೋರಿಯಾ ರಾಣಿ ಕಾಲದ್ದು. ಲಂಡನ್ನಿನಲ್ಲಿ ದೊಡ್ಡ ದೊಡ್ಡ ಮನೆ ಹೆಂಗಸರೆಲ್ಲ ಇದನ್ನೇ ಕುಡೀತಿದ್ದಿದ್ದು. ಆ ಫಾರ್ಮುಲಾನೇ ತಗೊಂಡು ನಮ್ಮ ಕಡೆ ಮಾಡ್ತಿದ್ದಾರೆ," ಅಂದರು ಅಕ್ಕ.

ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಅವರಿಗೆ ಬಾಟಲಿಗಳು ಬರುತ್ತಿದ್ದವು. ಪಾಕದಂಥ ಸಿಹಿ, ಹಿಂದೆಯೇ ಗಂಟಲು ಸುಡುವ ಘಾಟು. ಅಕ್ಕನ ಮನಸ್ಸು ನೋಯಿಸಬಾರದೆಂದು ಕೆಲವು ವಾರ ಕುಡಿದೆ. ನಡುಕ ಹೆಚ್ಚಿತೇ ಹೊರತು ಇಳಿಯಲಿಲ್ಲ. ಕೊನೆಗೆ ನಮ್ಮ ಕ್ಲಿನಿಕ್ಕಿನ ಡಾಕ್ಟರಮ್ಮನೇ ನನ್ನ ಕೈ ನೋಡಿ, ರಕ್ತ ಪರೀಕ್ಷೆಗೆ ಕಳಿಸಿದರು. ಥೈರಾಯ್ಡ್ ಹೆಚ್ಚಾಗಿತ್ತು. ಬಾಟಲಿ ಬಿಟ್ಟು ಮಾತ್ರೆ ಶುರು ಮಾಡಿದೆ. ನಿಧಾನವಾಗಿ ಸರಿಹೋಯಿತು. ಅಕ್ಕನಿಗೂ ಇದನ್ನೆಲ್ಲ ಹೇಳಿದ್ದೆ. "ಒಳ್ಳೇದಾಯ್ತು ಬಿಡು, ಹೇಗೋ ಒಂದು" ಅಂದಿದ್ದರು.

ಹಾಗಾಗಿ ಕ್ಲಿನಿಕ್ಕಿನಲ್ಲಿ ಆ ಹೆಂಗಸಿಗೆ ನೇರವಾಗಿ ಹೇಳಿದೆ. "ಆ ದನಿ ನಂದೇ. ಆದ್ರೆ ನನಗೆ ಗುಣ ಆಗಿದ್ದು ಆ ಟಾನಿಕ್ಕಿಂದ ಅಲ್ಲಮ್ಮ. ನಿಮ್ಮ ಫಿಟ್ಸಿನ ಮಾತ್ರೆ ದಯವಿಟ್ಟು ಬಿಡಬೇಡಿ. ಇವತ್ತೇ ನಿಮ್ಮ ಡಾಕ್ಟರ ಹತ್ರ ಹೋಗಿ."

ಅವಳು ನಂಬಲಿಲ್ಲ. "ನೀವೇ ಹೇಳೀರಲ್ರಿ" ಅಂದಳು, ಫೋನನ್ನು ಎದೆಗೆ ಹಿಡಿದುಕೊಂಡು. ಅವಳ ಕಣ್ಣಿನಲ್ಲಿ, ಫೋನಿನೊಳಗಿನವಳಿಗಿಂತ ಎದುರು ಕೂತ ನಾನೇ ಸುಳ್ಳಿಯಾಗಿದ್ದೆ.

ಡ್ಯೂಟಿ ಮುಗಿಸಿ ಮನೆಗೂ ಹೋಗದೆ ಸೀದಾ ಮೇಲಿನ ಮಹಡಿಗೆ ಹತ್ತಿದೆ. ಅಕ್ಕ ಕರಿಬೇವು ಬಿಡಿಸುತ್ತಿದ್ದರು.

"ನನ್ನ ದನಿ ಯಾಕೆ ಹಾಕಿದ್ರಿ ಅಕ್ಕಾ?"

ಅವರಿಗೆ ಯಾವ ದನಿ ಎಂದು ಕೇಳಬೇಕೆಂದೂ ಅನ್ನಿಸಲಿಲ್ಲ. "ನಿನ್ನ ಹೆಸರು ಹಾಕಿದೀನಾ? ಫೋಟೋ ಹಾಕಿದೀನಾ? ನಾಲ್ಕು ಜನಕ್ಕೆ ಧೈರ್ಯ ಬರ್ಲಿ ಅಂತ ಹಾಕಿದ್ದು."

"ಒಬ್ಬಳು ಮಾತ್ರೆ ಬಿಟ್ಟು ಫಿಟ್ಸ್ ಬಂದು ಬಿದ್ದಿದ್ದಾಳೆ. ಹಲ್ಲು ಮುರಿದಿದೆ."

"ಮಾತ್ರೆ ಬಿಡು ಅಂತ ನಾನೆಲ್ಲಿ ಹೇಳ್ದೆ? ಅವರವರ ಬುದ್ಧಿ." ಕರಿಬೇವಿನ ಕಡ್ಡಿ ಪಕ್ಕಕ್ಕಿಟ್ಟು ನನ್ನನ್ನು ನೋಡಿದರು. "ಮತ್ತೆ, ಕಳ್ಳಿ ಥರ ಮಾತಾಡಿಸ್ತಿದೀಯಲ್ಲ ನನ್ನ. ನಿಮ್ಮ ಯಜಮಾನರನ್ನೇ ಕೇಳಿ ಇಸ್ಕೊಂಡಿದ್ದು ನಾನು."

ಆಗಲೇ ನನಗೆ ಹೊಳೆದದ್ದು. ಆ ಮೆಸೇಜನ್ನು ನಾನು ಅಕ್ಕನಿಗೆ ಕಳಿಸಿಯೇ ಇರಲಿಲ್ಲ. ನನ್ನ ಗಂಡ ಬ್ಯಾಂಕಿನ ಕೆಲಸದ ಮೇಲೆ ದುಬೈಗೆ ಹೋಗಿದ್ದಾಗ, ಬೆಳಿಗ್ಗೆ ಎದ್ದು ಹಾಸಿಗೆಯಲ್ಲೇ ಕೂತು, ಅವರೊಬ್ಬರಿಗೇ ಕಳಿಸಿದ್ದೆ. "ಕಣ್ರೀ" ಎಂದು ನಾನು ಹಾಗೆ ಎಳೆದು ಹೇಳುವುದು ಅವರ ಹತ್ತಿರ ಮಾತ್ರ. ನೆನಪಿಗೆ ಇನ್ನೊಂದೂ ಬಂತು. ಮೂಲದಲ್ಲಿ "ಥೈರಾಯ್ಡ್ ಮಾತ್ರೆ ಹಿಡಿಸಿದೆ" ಎಂಬ ಮಾತು ಮೊದಲಿಗೇ ಇತ್ತು. ಆ ಹೆಂಗಸಿನ ಫೋನಿನಲ್ಲಿ ಅದು ಇರಲಿಲ್ಲ.

ಕೆಳಗೆ ಬಂದು, ನನ್ನ ಗಂಡ ಬ್ಯಾಂಕಿನಿಂದ ಬರುವ ತನಕ ಬಟ್ಟೆ ಮಡಚುತ್ತ ಕೂತೆ. ಬಂದು ಟೈ ಬಿಚ್ಚುವಾಗ ಕೇಳಿದೆ. ನನ್ನ ಗಂಡ ಜೋರು ದನಿ ಎತ್ತದ ಮನುಷ್ಯ, ಸುಳ್ಳೂ ಹೇಳಲಿಲ್ಲ.

"ಅಕ್ಕ ಕೇಳಿದ್ರು. ಬೇಡ ಅನ್ನೋಕೆ ಆಗ್ಲಿಲ್ಲ. ಅವರು ನಮಗೆ ಎಷ್ಟು ಮಾಡಿದಾರೆ."

"ಮಾತ್ರೆಯ ಮಾತು ತೆಗೆದಿದ್ದು ಯಾರು?"

ಅವರು ಟೈಯನ್ನು ಕೈಗೆ ಸುತ್ತಿಕೊಳ್ಳುತ್ತ ನಿಂತರು.

"ರೀ, ಯಾರು?"

"ಅವರಿಗೆ ಅದೆಲ್ಲ ಬರಲ್ಲ. ನಾನೇ ಕಟ್ ಮಾಡಿ ಕೊಟ್ಟೆ. ಸಣ್ಣ ವಿಷಯ ಅಂದ್ಕೊಂಡೆ ಕಣೇ."

ಬೈಯಬೇಕು ಅಂದುಕೊಂಡಿದ್ದೆ. ಮಡಚಿಟ್ಟಿದ್ದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದೆ. ಮಗಳು ಪಕ್ಕದ ಕೋಣೆಯಿಂದ "ವಾಟ್ ಹ್ಯಾಪನ್ಡ್ ಅಮ್ಮಾ?" ಎಂದಳು. "ಏನಿಲ್ಲ ಪುಟ್ಟಾ" ಅಂದೆ. ನನ್ನ ಗಂಡ ಫೋನು ಹಿಡಿದು ಕೂತು, ನಾನು ನಕ್ಕ ಜಾಗ ಉಳಿಯಲಿ, ಮಾತ್ರೆ ಎಂದ ಜಾಗ ಹೋಗಲಿ ಎಂದು ಎರಡು ಮೂರು ಸಲ ಕೇಳಿ ಕೇಳಿ ಸರಿಮಾಡಿರಬೇಕು. ನನಗೆ ಆ ಚಿತ್ರವನ್ನು ಕಣ್ಣಿಂದ ಕಿತ್ತುಹಾಕಲು ಆಗಲಿಲ್ಲ.

ಮಾರನೆಯ ದಿನ ಹೊಸ ಮೆಸೇಜ್ ರೆಕಾರ್ಡ್ ಮಾಡಿದೆ. ನಾನು ಯಾರು, ನನಗೆ ಏನಾಗಿತ್ತು, ಯಾವುದರಿಂದ ಗುಣವಾಯಿತು, ಟಾನಿಕ್ ನಂಬಿ ಯಾರೂ ತಮ್ಮ ಔಷಧಿ ಬಿಡಬೇಡಿ. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಸಂಜೆಯೊಳಗೆ ಗುಂಪು ನಡೆಸುವವರು ಅದನ್ನು ಅಳಿಸಿ ನನ್ನನ್ನೂ ಗುಂಪಿನಿಂದ ತೆಗೆದರು. ಮನೆಮನೆಯ ಜಗಳ ಇಲ್ಲಿ ಬೇಡ ಎಂದು ಒಬ್ಬರು ಫೋನ್ ಮಾಡಿ ಹೇಳಿದರು. ಅಕ್ಕನ ಮೇಲೆ ಹೊಟ್ಟೆಕಿಚ್ಚು ಅಂತ ಇನ್ನೊಬ್ಬರು ಹೇಳಿದರಂತೆ. ಗೊತ್ತಿದ್ದ ಮನೆಗಳಿಗೆ ಒಂದೊಂದಾಗಿ ನಾನೇ ಫೋನ್ ಮಾಡಿದೆ. ಕೆಲವರು ಕೇಳಿದರು. ಕೆಲವರು "ಹೂಂ, ಹೂಂ" ಎಂದು ಇಟ್ಟರು.

ನನ್ನ ಗಂಡ ನನ್ನ ಮುಖ ನೋಡಲಾರದೆ ತಾವೇ ಮೇಲೆ ಹೋಗಿ, ಆ ಮೆಸೇಜ್ ನಿಲ್ಲಿಸಿ ಎಂದು ಅಕ್ಕನನ್ನು ಕೇಳಿದರು. ಇಳಿದು ಬಂದಾಗ ಕೈಯಲ್ಲಿ ಒಂದು ಬಾಟಲಿ ಇತ್ತು.

"ಇದೇನು?"

"ಪಾಪ, ನಿನಗೆ ಮತ್ತೆ ನರ ಸೂಕ್ಷ್ಮ ಆಗಿದೆ, ಕೊಡು ಅಂದ್ರು." ತಂದುಬಿಟ್ಟಿದ್ದಕ್ಕೆ ಅವರಿಗೇ ನಾಚಿಕೆಯಾಗಿತ್ತು. "ಕೈಗಿಟ್ಟರು. ಏನ್ ಮಾಡ್ಲಿ?"

ಸಿಂಕಿನಲ್ಲಿ ಸುರಿದೆ. ಅಡುಗೆಮನೆಯೆಲ್ಲ ಆ ಸಿಹಿ ಘಾಟು.

ಆಮೇಲೆ ಕುತೂಹಲಕ್ಕೆ ವಿಕ್ಟೋರಿಯಾ ಕಾಲದ ಆ ಔಷಧಿಗಳ ಜಾಹೀರಾತುಗಳನ್ನು ಫೋನಿನಲ್ಲಿ ಹುಡುಕಿ ನೋಡಿದೆ. ಎಷ್ಟೋ ಜಾಹೀರಾತಿನಲ್ಲಿ ಗುಣವಾದ ಒಬ್ಬ ಹೆಂಗಸಿನ ಪತ್ರ. ನಡುಗುತ್ತಿದ್ದೆ, ನಿದ್ದೆಯಿರಲಿಲ್ಲ, ಈಗ ಹೊಸ ಜೀವ ಬಂದಿದೆ. ಆ ಹೆಂಗಸರಲ್ಲಿ ಎಷ್ಟು ಜನಕ್ಕೆ ತಮ್ಮ ಮಾತು ಅಚ್ಚಾದದ್ದು ಗೊತ್ತಿತ್ತೋ. ಪತ್ರವನ್ನು ಅವರ ಮನೆಯಿಂದ ಯಾರು ತೆಗೆದುಕೊಟ್ಟರೋ.

ಹಲ್ಲಿನ ಕ್ಯಾಪ್ ಹಾಕಿಸಲು ಆ ಹೆಂಗಸು ಮತ್ತೆ ಬಂದಳು. ನನ್ನ ಎರಡನೆಯ ಮೆಸೇಜು ಯಾರ ಮೂಲಕವೋ ಅವಳಿಗೆ ತಲುಪಿತ್ತು. ಗಂಡ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ, ಫಿಟ್ಸಿನ ಮಾತ್ರೆ ಮತ್ತೆ ಶುರುವಾಗಿತ್ತು.

"ಎರಡೂ ಕೇಳಿದ್ನಿರಿ," ಅಂದಳು. "ಖರೆ ಹೇಳ್ಲೇನ್ರಿ ಅಕ್ಕಾರ? ನನಗ ಮೊದಲಿನದಽ ಚೆಂದ. ಅದರಾಗ ನಕ್ಕೀರಿ. ಇದರಾಗ ಬರೀ ಸಿಟ್ಟೈತಿ."

"ಅದನ್ನ ಅಳಿಸಿಬಿಡಮ್ಮ."

ಅವಳು ತಲೆಯಾಡಿಸಿದಳು. ಅಳಿಸಿದಳೋ ಇಲ್ಲವೋ ನಾನು ನೋಡಲಿಲ್ಲ.

ಅಕ್ಕ ಲಿಫ್ಟಿನಲ್ಲಿ ಸಿಕ್ಕರೆ ಮಗಳ ಕೆನ್ನೆ ಸವರುತ್ತಾರೆ, ನಾನು ಮಹಡಿಯ ಸಂಖ್ಯೆ ನೋಡುತ್ತ ನಿಲ್ಲುತ್ತೇನೆ. ನನ್ನ ಗಂಡ ಕ್ಷಮೆ ಕೇಳಿದ್ದಾರೆ, ಮನಸಾರೆಯೇ ಕೇಳಿದ್ದಾರೆ. ಈಗ ಅವರು ಊರಾಚೆ ಹೋದರೆ ಊಟ ಆಯಿತು, ಮಗಳು ಮಲಗಿದಳು ಎಂದು ನಾಲ್ಕು ಅಕ್ಷರ ಬರೆದು ಕಳಿಸುತ್ತೇನೆ. "ಮಾತಾಡಿ ಕಳಿಸೇ" ಎನ್ನುತ್ತಾರೆ. ಹೂಂ ಅನ್ನುತ್ತೇನೆ, ಫೋನನ್ನು ತುಟಿಯ ಹತ್ತಿರ ಹಿಡಿಯುತ್ತೇನೆ, ಮತ್ತೆ ಟೈಪ್ ಮಾಡುತ್ತೇನೆ.