ಸಾಲಿನಲ್ಲಿ ಮುಂದೆ ನಿಂತಿದ್ದವನು

ಮಾಜಿ ಸಿಪಾಯಿಗೆ ಯಾರ ಮೇಲೂ ನಂಬಿಕೆಯಿಲ್ಲ. ರಕ್ತದಿಂದ ರಕ್ತಕ್ಕೆ ಅಂಟುವ ಹೆಪಟೈಟಿಸ್ ಸಿ ಇದೆ, ಲಿವರ್ ಅರ್ಧ ಕೆಟ್ಟಿದೆ ಎಂದು ಡಾಕ್ಟರು ಹೇಳಿದಾಗ ಅವನು ಮೊದಲು ಅನುಮಾನಿಸಿದ್ದು ಡಾಕ್ಟರನ್ನೇ. ಸೈನ್ಯದಲ್ಲಿ ಅಂಟಿದ ಕಾಯಿಲೆ, ಪರಿಹಾರ ಕೊಡಿ ಎಂದರೆ ಕಚೇರಿಯವರು, "ಎಲ್ಲೋ ಹಚ್ಚೆ ಹಾಕಿಸ್ಕೊಂಡಿರ್ತೀರಿ" ಎಂದು ಕಡ್ಡಿ ಮುರಿದಂತೆ ಹೇಳಿ ಅರ್ಜಿ ತಳ್ಳಿಹಾಕಿದರು. ಹೆಂಡತಿ ಅವನ ರೇಜರನ್ನು ಬೇರೆ ಕಪ್ಪಿನಲ್ಲಿಟ್ಟಳು. ಅದಕ್ಕೂ ಮುಖ ಊದಿಸಿಕೊಂಡ.

ಆದರೆ ಅವನ ನಿಜವಾದ ಗುಮಾನಿ ಇದ್ದದ್ದು ಹಳೆಯ ಗೆಳೆಯನ ಮೇಲೆ. ಕತ್ತು ಉದ್ದವೆಂದು ಅವನನ್ನು ಎಲ್ಲರೂ ಕೊಕ್ಕರೆ ಎನ್ನುತ್ತಿದ್ದರು. ತರಬೇತಿ ಶಿಬಿರದಲ್ಲಿ ಪಿಸ್ತೂಲಿನಂಥ ಒಂದೇ ಯಂತ್ರದಿಂದ ಸಾಲಾಗಿ ಎಲ್ಲರ ತೋಳಿಗೂ ಲಸಿಕೆ ಹೊಡೆದಿದ್ದರು, ನಡುವೆ ಒರೆಸುವ ಗೋಜಿಗೂ ಹೋಗದೆ. ಸಿಪಾಯಿಯ ಮುಂದೆ ನಿಂತಿದ್ದವನು ಕೊಕ್ಕರೆ. ಅವನ ತೋಳಿನಿಂದ ಇಳಿದ ರಕ್ತ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು.

ಮೇಲ್ಮನವಿಗೆ ಸಾಕ್ಷಿ ಬೇಕಾಗಿ ಸಿಪಾಯಿ ಅವನ ಮನೆ ಹುಡುಕಿಕೊಂಡು ಹೋದ. ಕೊಟ್ಟ ನೀರು ಕುಡಿಯುವ ಮೊದಲೇ ಕೇಳಿದ: "ನಿಜ ಹೇಳು, ನಿನಗೂ ಇದೆ ತಾನೆ?"

"ಮೊನ್ನೆ ಆಪರೇಷನ್‌ಗೆ ಮುಂಚೆ ಎಲ್ಲಾ ಟೆಸ್ಟ್ ಮಾಡಿದ್ರು ಕಣೋ, ನನಗೇನೂ ಇಲ್ಲ," ಎಂದ ಕೊಕ್ಕರೆ. "ಸಾಕ್ಷಿ ಹೇಳ್ತೀನಿ, ಬಿಡು. ಆದ್ರೆ ನಮ್ಮ ಮೆಸ್ಸಿನ ಅಡುಗೆಯವನೂ ಇದೇ ಕಾಯಿಲೆಲಿ ಹೋದನಂತಲ್ಲ. ಅವತ್ತು ಲಸಿಕೆ ಸಾಲಲ್ಲಿ ಅವನು ಎಲ್ಲಿ ನಿಂತಿದ್ದ?"

ಸಿಪಾಯಿ ಲೋಟ ಕೆಳಗಿಟ್ಟ. ಇಷ್ಟು ವರ್ಷ ಮುಂದಿನವನ ತೋಳನ್ನೇ ನೋಡುತ್ತ ಬಂದಿದ್ದ. ತನ್ನ ತೋಳಿನಿಂದ ಎತ್ತಿದ ಯಂತ್ರ ನೇರವಾಗಿ ಹೋಗಿದ್ದು, ಬೆನ್ನ ಹಿಂದೆ ನಿಂತಿದ್ದ ಅಡುಗೆಯವನ ತೋಳಿಗೆ.