ಐದನೆಯ ರುಜು

ಕೊಲ್ಲಿ ದೇಶದ ಮೆಸಯೀದಿನ ಕಾರ್ಖಾನೆಯಲ್ಲಿ ಪೈಪುಗಳ ಸೋರಿಕೆ ಹುಡುಕುವುದು ದೂಮಪ್ಪನ ಕೆಲಸ. ಕಣ್ಣಾರೆ ಕಾಣದ ಒಂದು ವಾಲ್ವಿಗೂ ಅವನು ಹತ್ತೊಂಬತ್ತು ವರ್ಷಗಳಲ್ಲಿ ರುಜು ಹಾಕಿದವನಲ್ಲ. ಹಾಗೆ ಹಾಕುವವರನ್ನು ಕಂಡರೆ ಅವನಿಗೆ ಅಸಹ್ಯ.

ಊರಿನವರ ಸಂಘದ ಪಿಕ್‌ನಿಕ್‌ನಲ್ಲಿ ಬಿರಿಯಾನಿ ತಿಂದ ಮೂವತ್ತು ಮಂದಿಗೆ ವಾಂತಿಭೇದಿಯಾಯಿತು. ಅಡುಗೆ ಮಾಡಿದವನು ನಜ್ಮಾ ಬಡಾವಣೆಯ ಕೆಫೆಟೇರಿಯಾದ ಇರ್ಷಾದ್. ಅವನ ಮೇಲೆ ಪೊಲೀಸರಿಗೆ ದೂರು ಕೊಡುವಷ್ಟು ಆಧಾರವಿದೆಯೇ ಎಂದು ನೋಡಲು ಚೀಟಿ ಎತ್ತಿ ಐವರು ಸದಸ್ಯರನ್ನು ಆರಿಸಿದರು. ಐವರೂ ಒಪ್ಪಿದರೆ ಮಾತ್ರ ದೂರು ಎಂಬುದು ಸಂಘದ ನಿಯಮ. ಒಂದು ಚೀಟಿಯಲ್ಲಿ ದೂಮಪ್ಪನ ಹೆಸರಿತ್ತು.

ಶುಕ್ರವಾರ ಬೆಳಿಗ್ಗೆ, ಉಮ್ಮ್ ಸಲಾಲಿನಲ್ಲಿ ಅಧ್ಯಕ್ಷ ವಿಕಾಸನ ಮನೆಗೆ ಅವನು ಹೋಗುವಷ್ಟರಲ್ಲಿ ಆಧಾರವಿದೆ ಎಂಬ ವರದಿ ಟೈಪಾಗಿಯೇ ಇತ್ತು. ಒಬ್ಬ ಫೋನಿನಿಂದ ತಲೆ ಎತ್ತದೆ ರುಜು ಹಾಕಿದ. ಇನ್ನೊಬ್ಬ ಗೋಳಿಬಜೆಯ ಎಣ್ಣೆಗೈಯಲ್ಲೇ ಗೀಚಿದ. ಮೂರನೆಯವನು, ಎಲ್ಲಿ ಹಾಕಬೇಕೆಂದಷ್ಟೇ ಕೇಳಿದ.

ನಾಲ್ಕನೆಯವಳು ಅಶ್ವಿತಾ. "ಬೇಗ ಮುಗಿಸಿ ದೂಮಣ್ಣ, ನಮಗೆ ಬ್ರಂಚ್ ಬುಕಿಂಗ್ ಉಂಟು," ಎನ್ನುತ್ತ ಅವಳೂ ರುಜು ಹಾಕಿದಳು.

"ಇರ್ಷಾದನನ್ನು ಕೇಳಿದಿರಾ?"

"ಅವನನ್ನು ಎಂತ ಕೇಳುವುದು?" ಎಂದ ವಿಕಾಸ್. "ಅಡಿಗೆ ಅವನದ್ದೇ ಅಲ್ವಾ? ಖಲಾಸ್."

ದೂಮಪ್ಪ ಇರ್ಷಾದನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. "ಬಿರಿಯಾನಿ ಎಷ್ಟು ಗಂಟೆಗೆ ಕೊಟ್ಟದ್ದು ಮಾರಾಯ?"

"ಎಂಟಕ್ಕೆ ಅಣ್ಣಾ, ಬಿಸಿಬಿಸಿ. ವಿಕಾಸಣ್ಣನ ಗಾಡಿಯಲ್ಲೇ ಇಟ್ಟದ್ದು."

ಎಲ್ಲರಿಗೂ ಗೊತ್ತಿತ್ತು, ಬಡಿಸಿದ್ದು ಎರಡೂವರೆಗೆ. ಮುಖ್ಯ ಅತಿಥಿ ಬರಲಿ ಎಂದು ಕಾದದ್ದು. ಅಷ್ಟು ಹೊತ್ತೂ ಪಾತ್ರೆಗಳು ಬಿಸಿಲಿಗೆ ನಿಂತ ಗಾಡಿಯೊಳಗಿದ್ದವು.

"ಎಸಿ ಹಾಕಿದ್ದೆ," ಎಂದ ವಿಕಾಸ್.

"ನೀವು ಸ್ಟೇಜಿನಲ್ಲಿದ್ದಿರಿ," ಎಂದ ದೂಮಪ್ಪ. "ಕೀ ನಿಮ್ಮ ಕಿಸೆಯಲ್ಲಿತ್ತು. ಎಸಿ ಹಾಕಿದ್ದು ಬಿರಿಯಾನಿಯಾ?"

ಅಶ್ವಿತಾ ವಾಚು ನೋಡಿಕೊಂಡಳು. ವಾಟ್ಸ್ಆ್ಯಪಿನಲ್ಲಿ ದಿನಬೆಳಗಾದರೆ ನ್ಯಾಯ, ನೀತಿ ಎಂದು ಗಂಟಲು ಹರಿದುಕೊಳ್ಳುವ ಜನ! ಒಬ್ಬ ಬಡಪಾಯಿಯನ್ನು ಕೆಲಸ ಕಳೆದು ಊರಿಗೆ ವಿಮಾನ ಹತ್ತಿಸಲು ಇವರಿಗೆ ಒಂದು ಪೆನ್ನು ಸಾಕಿತ್ತು. ಆ ದಿನ ತಡವಾಗಿ ಬಂದ ಅತಿಥಿಗೆ ತಾನೂ ಚಪ್ಪಾಳೆ ತಟ್ಟಿದ್ದು ನೆನಪಾಗಿ ದೂಮಪ್ಪನಿಗೆ ತನ್ನ ಮೇಲೂ ಹೇಸಿಗೆಯಾಯಿತು. ವರದಿಯ ಕೆಳಗೆ, "ಆಧಾರವಿಲ್ಲ. ಬಿರಿಯಾನಿ ಆರೂವರೆ ಗಂಟೆ ಗಾಡಿಯಲ್ಲಿತ್ತು," ಎಂದು ದಪ್ಪಕ್ಷರದಲ್ಲಿ ಬರೆದು ರುಜು ಹಾಕಿ ಎದ್ದ.

ದೂರು ಹೋಗಲಿಲ್ಲ. ಸಂಜೆ ಗ್ರೂಪಿನಲ್ಲಿ ವಿಕಾಸನ ಮೆಸೇಜು: "ಸಂಘವು ದೊಡ್ಡ ಮನಸ್ಸು ಮಾಡಿ ಇರ್ಷಾದನನ್ನು ಕ್ಷಮಿಸಿದೆ." ನಿಮಿಷದೊಳಗೆ ಅದರಡಿ ನಾಲ್ಕು ಹೆಬ್ಬೆಟ್ಟುಗಳು ಎದ್ದು ನಿಂತವು.

"ಥೂ," ಎಂದು ದೂಮಪ್ಪ ಗ್ರೂಪಿನಿಂದ ಹೊರಬಿದ್ದ.