ಬಲಬದಿಯ ಸೈಕಲ್‌ಗಳು

ಕಲಬುರಗಿಯಿಂದ ಬೆಳಗಿನ ಬಸ್ಸಿಗೆ ಹೊರಟಾಗ ಮಂಜು ಇನ್ನೂ ಕರಗಿರಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಜೋಡಿಸುವ ಸೈಕಲ್ ದಾರಿಯ ನಕ್ಷೆಯ ಸುರುಳಿ ನನ್ನ ಮಡಿಲಲ್ಲಿತ್ತು. ಗೆರೆ ಎಳೆದವನು ನಾನೇ. ಮೂರೂ ಕಡೆ ಜನರ ಅಭಿಪ್ರಾಯ ಕೇಳಿ, ಜೇವರ್ಗಿಯಲ್ಲಿ ಸಹಿ ಹಾಕಿದರೆ ನಕ್ಷೆ ಮುಗಿದಂತೆ. ಆಮೇಲೆ ತಿದ್ದಲು ಬರುತ್ತಿರಲಿಲ್ಲ.

ನಲವತ್ತು ಕಿಲೋಮೀಟರು ದಾಟಿ ಆಳಂದಕ್ಕೆ ಬಂದೆ. ಹನ್ನೊಂದಕ್ಕೆ ಸಭೆ. ಬಂದವರೆಲ್ಲ ಮುಖ್ಯರಸ್ತೆಯ ಎಡಬದಿಯ ನನ್ನ ಗೆರೆಗೆ ತಲೆಯಾಡಿಸಿದರು. ಚಹಾ ಕುಡಿದು ಹೊರಬಂದಾಗ ಅಂಗಳದ ತುಂಬ ಮೋಟರ್‌ಬೈಕುಗಳಿದ್ದವು, ಒಂದೂ ಸೈಕಲ್ ಇರಲಿಲ್ಲ. ನಾನು ಅದನ್ನು ಕಂಡೂ ಏನೂ ಯೋಚಿಸಲಿಲ್ಲ. ಕೆಲಸ ಬೇಗ ಮುಗಿದ ಖುಷಿಯಲ್ಲಿದ್ದೆ.

ಮರುದಿನ ಅಫಜಲಪುರದಲ್ಲೂ ಅದೇ ಕಥೆ. ಕುರ್ಚಿ ಎತ್ತಿಡುತ್ತಿದ್ದ ಜವಾನ ಮಾತ್ರ, ಸೈಕಲ್ ತುಳಿಯುವವರು ಈ ಹೊತ್ತಿಗೆ ಕಬ್ಬಿನ ಹೊಲದಲ್ಲಿರುತ್ತಾರೆ, ಸಂಜೆ ಕರಜಗಿ ಕಡೆ ಹೋಗಿ ನೋಡಿ ಎಂದ. ಬಿಸಿಲು ಇಳಿಯುವ ಹೊತ್ತಿಗೆ ಅಲ್ಲಿ ಇಳಿದೆ. ಕೂಲಿ ಮುಗಿಸಿ ಮರಳುತ್ತಿದ್ದ ಸೈಕಲ್‌ಗಳೆಲ್ಲ ರಸ್ತೆಯ ಬಲಬದಿಯಲ್ಲಿ, ವಾಹನಗಳಿಗೆ ಎದುರಾಗಿ ಬರುತ್ತಿದ್ದವು. ನನಗೆ ಸಿಟ್ಟು ಬಂತು. ಒಬ್ಬ ಹಿರಿಯರನ್ನು ನಿಲ್ಲಿಸಿ, ಇಷ್ಟು ವಯಸ್ಸಾದರೂ ರಸ್ತೆಯ ನಿಯಮ ಗೊತ್ತಿಲ್ಲವೇ ಎಂದು ಗದರಿದೆ.

ಅವರ ಹೆಸರು ಮಹಿಬೂಬಸಾಬ್. ಸೈಕಲ್ ಇಳಿದು, ತಲೆಯ ಟವೆಲ್ ತೆಗೆದು, ನಿಧಾನವಾಗಿ ಹೇಳಿದರು.

"ಕಬ್ಬಿನ ಟ್ರ್ಯಾಕ್ಟರ್‌ಗೆ ಎರಡೆರಡು ಟ್ರಾಲಿ ಇರ್ತಾವ್ರಿ, ಕಬ್ಬು ಬಾಜೂಕ ಚಾಚಿರ್ತದ. ಎದುರಿಗೆ ಬಂದ್ರ ಇಳದು ನಿಲ್ತೇವಿ. ಹಿಂದಿನಿಂದ ಬಂದ್ರ ಹ್ಯಾಂಗ ಕಾಣ್ತದ? ನಮ್ಮ ತಮ್ಮ ಎಡಕ್ಕೇ ಹೊಂಟಿದ್ದ ನೋಡ್ರಿ."

ಗದರಿದ್ದಕ್ಕೆ ಕ್ಷಮೆ ಕೇಳಿದೆ. ಅವರೇ ನನ್ನನ್ನು ಮನೆಗೆ ಕರೆದೊಯ್ದರು. ಗೋಡೆಯ ಕಿಟಕಿಸರಳಿಗೆ ಹಗ್ಗದಿಂದ ಕಟ್ಟಿದ ಹುಡುಗಿಯರ ಸೈಕಲ್ ಒಂದಿತ್ತು. ಮಗಳು ಶಬಾನಾ ಎಂಟನೆಯ ತರಗತಿ ಮುಗಿಸಿದ್ದಳು, ಹೈಸ್ಕೂಲು ಆ ರಸ್ತೆಯ ಮೇಲೆಯೇ. ಮೈದುನ ಕಬ್ಬಿನ ಟ್ರಾಲಿಗೆ ಸಿಕ್ಕಿ ತೀರಿಕೊಂಡ ಮೇಲೆ ತಾಯಿ ರಜಿಯಾಬಿ ಸೈಕಲ್ ಕಟ್ಟಿಹಾಕಿದ್ದರು, ಮಗಳ ಓದು ನಿಂತಿತ್ತು.

ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದ ಮೇಲೆ ರಜಿಯಾಬಿ ನಕ್ಷೆಯನ್ನು ನೆಲದ ಮೇಲೆ ಹರಡಿಸಿ, ತಮ್ಮ ಊರನ್ನು ಮಗಳಿಂದ ಓದಿಸಿಕೊಂಡರು. ಊರ ಹಿಂದಿನ ಕಾಲುವೆ ದಂಡೆ ನೇರವಾಗಿ ಹೈಸ್ಕೂಲಿನ ಹಿಂಬದಿಗೆ ಹೋಗುತ್ತದಂತೆ, ಕುಸಿದಿರುವ ಎರಡು ಕಡೆ ಮಣ್ಣು ಹಾಕಿದರೆ ಸಾಕಂತೆ.

"ಅದು ಇದ್ರಾಗ ಯಾಕಿಲ್ರಿ?" ಎಂದು ಕೇಳಿದರು.

ನಮಗೆ ಯಾರೂ ಹೇಳಲಿಲ್ಲ ಎಂದೆ.

"ನೀವು ಯಾರಿಗಿ ಕೇಳಿದ್ರಿ?"

ನನಗೆ ನಾಚಿಕೆಯಾಯಿತು. ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಶಬಾನಾ ಮುಂದೆ, ನಾನು ಹಿಂದೆ, ದಂಡೆಯ ಉದ್ದಕ್ಕೂ ನಡೆದೆವು. ಅವಳು ಹೈಸ್ಕೂಲಿನ ಗೋಡೆ ಮುಟ್ಟಿ ತಿರುಗಿದಳು.

ಆ ಮಧ್ಯಾಹ್ನ ಜೇವರ್ಗಿಯ ಸಭೆಯಲ್ಲಿ ನಾನು ಸಹಿ ಹಾಕಲಿಲ್ಲ. ಸೈಕಲ್ ತುಳಿಯುವವರನ್ನು ಕೇಳದೆಯೇ ಗೆರೆ ಎಳೆದೆ, ತಪ್ಪು ನನ್ನದು ಎಂದೆ. ಅಧಿಕಾರಿಗಳು ಮುಖ ಗಂಟಿಕ್ಕಿದರು. ಬಹಳ ವಾದವಾದ ಮೇಲೆ, ಕರಜಗಿಯಲ್ಲಿ ಒಂದೇ ಒಂದು ಸಂಜೆ ಸಭೆಗೆ ಒಪ್ಪಿದರು. ದಂಡೆ ನಕ್ಷೆಗೆ ಬರುತ್ತದೆಂದು ಯಾರೂ ಮಾತು ಕೊಡಲಿಲ್ಲ.

ಬಸ್‌ನಿಲ್ದಾಣದಿಂದ ಫೋನ್ ಮಾಡಿದೆ. ರಜಿಯಾಬಿ ಪೂರ್ತಿ ಕೇಳಿಸಿಕೊಂಡರು.

"ಹಗ್ಗ ಇನ್ನಾ ಬಿಚ್ಚಂಗಿಲ್ರಿ. ನೀವು ಬರ್ರಿ, ನಮ್ಮೋರೆಲ್ಲಾರ್ನೂ ಕೇಳ್ರಿ. ಆಮ್ಯಾಲ ನೋಡ್ತೇನಿ."

ಕಲಬುರಗಿಗೆ ಮರಳುವಾಗ ಭೀಮಾ ಸೇತುವೆ ದಾಟಿದ ಮೇಲೆ, ನಮ್ಮ ಬಸ್ಸು ಹೋಗುತ್ತಿದ್ದ ಬದಿಯಲ್ಲೇ ಒಬ್ಬ ಸೈಕಲ್ ತುಳಿಯುತ್ತ ಎದುರಿಗೆ ಬಂದ. ಚಾಲಕ ಹಾರ್ನ್ ಒತ್ತಿ, ಎಡಕ್ಕೆ ಹೋಗಲು ಏನು ರೋಗ ಎಂದು ಬೈದ. ಆತ ಇಳಿದು ಪಕ್ಕಕ್ಕೆ ನಿಂತು, ನಾವು ದಾಟುವವರೆಗೂ ಬಸ್ಸನ್ನೇ ನೋಡುತ್ತಿದ್ದ. ನಾನು ಕಿಟಕಿಯಿಂದ ತಿರುಗಿ ನೋಡಿದೆ. ಆತ ಮತ್ತೆ ಸೈಕಲ್ ಹತ್ತಿ, ತನ್ನ ಬಲಬದಿಯಲ್ಲೇ ಮುಂದೆ ಹೋದ.